ಸದ್ಯಕ್ಕ

ಎರಡೂವರಿಗೆ ಖಣಿಯಾಗ ಸೈರನ್ ಕೂಗ್ತದ,
ಆಮ್ಯಾಗ ನೆಲ ಒಂದ್ಸಲ ಬಿಕ್ಕಳಿಸ್ತದ.
ವಾಡಿಯಾಗ ನಮಗ ಇದೇ ಗಡಿಯಾರ,
ಇದನ್ನ ಕೇಳೇ ಚಹಾಕ್ಕ ನೀರಿಡೋದು.
ಅವತ್ತು ಭಾಂಡ್ಯಾದಾಗ ನೀರು ನಡುಗಿತು,
ನೀರಿನ ಜೋಡಿ ಕಿಡಕಿ ಗಾಜು
ಟಿಣ್ ಅಂತು, ಅಷ್ಟೇ.
ಬಿದ್ದಿಲ್ಲ, ಚೂರಾಗಿಲ್ಲ.
ಮೂಲ್ಯಾಗ ಒಂದು ಗೆರಿ, ತಲಿಗೂದಲಿನಷ್ಟು.

ಕೂದಲಂತ್ಲೇ ತಿಳಿದು ಒರೆಸಲಿಕ್ಕೆ ಹೋದೆ.
ಬೆರಳಿಗೆ ರಕ್ತ ಬಂತು.

ನೆಗೆಣ್ಣಿ ಅಂದಳು:
ಗೆರಿ ಎಲ್ಲಿ ಮುಗಿತದೋ ಅಲ್ಲಿ
ನೇಲ್ ಪಾಲಿಶ್ ಒಂದು ಹನಿ ಹಚ್ಚು, ಮುಂದ ಹೋಗಂಗಿಲ್ಲ.
ಬಣ್ಣ ಇಲ್ಲದ್ದು ಬೇಕಂತ. ನಮ್ಮನ್ಯಾಗ ಇದ್ದದ್ದು ಕೆಂಪು.
ಹಚ್ಚಿದೆ.
ಬಿರುಕು ಅಲ್ಲೇ ನಿಂತಿತು ಹದಿನೇಳು ದಿನ,
ಔಟರಿನಾಗ ನಿಂತ ಗೂಡ್ಸ್ ಗಾಡಿಯಂಗ.
ನನ್ನ ಗಂಡ ಪಾಯಿಂಟ್ಸ್‌ಮನ್. ನೋಡಿ ನಕ್ಕ:
"ಕೆಂಪಿಗೆ ಎಲ್ಲಾ ನಿಲ್ತಾವ.
ಹಸಿರು ಯಾರು ತೋರಸ್ತಾರ, ಅದನ್ನ ಹೇಳು."

ಯಾರೂ ತೋರಿಸಲಿಲ್ಲ. ಚೈತ್ರದ ಸುಳಿಗಾಳಿಗೆ
ಬಾಗಿಲು ಬಡೀತು,
ಕೆಳಗಿನ ಅರ್ಧ ಗಾಜು ಬಚ್ಚಲಕ್ಕ ಇಳೀತು.

ಉಳಿದದ್ದಕ್ಕ ಟೇಪು.
ಟೇಪ್ ಹಚ್ಚೋದೂ ಒಂದು ವಿದ್ಯಾ ನೋಡ್ರಿ.
ಧೂಳಿದ್ರ ಹಿಡಿಯಂಗಿಲ್ಲ, ಮತ್ತ ಈ ಊರಾಗ
ಸಿಮೆಂಟಿನ ಧೂಳಿಲ್ಲದ ತಾಸು ಯಾವುದದ?
ಮುಂಜಾನಿ ಐದಕ್ಕ ಎದ್ದೆ,
ಹಳೇ ಧೋತರದ ತುಂಡಿಲೆ ಒರೆಸಿದೆ,
ಒಳಗೊಂದು ಪಟ್ಟಿ, ಹೊರಗೊಂದು ಪಟ್ಟಿ,
ನಡುವ ಗಾಳಿ ಸಿಗಬಾರದು.
ಕೈಗೆ ಕಾಲುಚೀಲ ಹಾಕ್ಕೊಂಡಿದ್ದೆ, ನಗಬ್ಯಾಡ್ರಿ.

ತೆರವಾದ ಅರ್ಧಕ್ಕ ಏನು ಮಾಡೋದು?
ರಟ್ಟು ಇಟ್ರ ಬೆಳಕಿಲ್ಲ.
ತೊಗರಿಬ್ಯಾಳಿ ಚೀಲ ಕಟ್ಟಿದ್ರ ರಾತ್ರಿ ಪೂರಾ ಪಟಪಟ;
ರೈಲಿಗೆ ಹೊಂದಿದ ನಿದ್ದಿ ಚೀಲಕ್ಕ ಹೊಂದಲಿಲ್ಲ.
ಆಗ ಭಾಗ್ಯವಂತಿ ಕಪಾಟಿನ ಮ್ಯಾಗಿಂದ
ತನ್ನ ಎಕ್ಸ್‌ರೇ ತಂದಳು.

ಪೇರಲ ಗಿಡದಿಂದ ಬಿದ್ದು ಮಣಿಕಟ್ಟು ಮುರ್ಕೊಂಡಿದ್ದಳು;
ಕೈ ಇನ್ನೂ ಪ್ಲಾಸ್ಟರಿನಾಗ,
ಅದರ ಮ್ಯಾಗ ಐದನೇತ್ತಾ ಹುಡುಗ್ಯಾರದ್ದೆಲ್ಲಾ ಸಹಿ.
"ಇದು ನೀರಿಗೆ ನೆನಿಯಂಗಿಲ್ಲವ್ವ," ಅಂದಳು.
ಖರೇನೇ. ಚೌಕಟ್ಟಿನ ಅಳತಿಗೇ ತೆಗೆದಂಗಿತ್ತು.
ನಾಕೂ ಅಂಚಿಗೆ ಟೇಪು. ಸದ್ಯಕ್ಕ.

ಮರುದಿನ ಹೊತ್ತು ಮೂಡಿದಾಗ
ನಾನು ರೊಟ್ಟಿ ಬಡೀಲಿಕತ್ತಿದ್ದೆ.
ಕಿಡಕಿಯಾಗ ಒಂದು ಸಣ್ಣ ಕೈ
ಬೆಳ್ಳಗ ಹೊತ್ತಿಕೊಂಡಿತು.
ಐದು ಬೆರಳು, ಎಲುಬು ಎಲುಬು ಎಣಿಸಬಹುದು,
ಮಣಿಕಟ್ಟಿನಾಗ ಅದೇ ಗೆರಿ,
ಗಾಜಿನಾಗ ಕಂಡದ್ದೇ, ಕೂದಲಿನಷ್ಟು.
ಹಂಚಿನ ಮ್ಯಾಲಿನ ರೊಟ್ಟಿ ಕರ್ರಗಾತು.

ಆಮ್ಯಾಗ ರೂಢಿ ಆತು.
ಒಳಗ ದೀಪ ಇದ್ರ ಹೊರಗಿನವರಿಗೂ ಕಾಣ್ತದಂತ;
ಕತ್ತಲಾಗ ಹಾಲು ತರೋ ದಸ್ತಗೀರ ಆ ಕೈಗೆ ಸಲಾಂ ಹೊಡೀತಾನ,
ನೈಟ್ ಡ್ಯೂಟಿ ಮುಗಿಸಿ ಬರೋ ನನ್ನ ಗಂಡ
"ನಿಲ್ಲು ಅಂತದೋ, ಬಾ ಅಂತದೋ" ಅಂತ ಕೇಳ್ತಾನ.

ಕ್ವಾರ್ಟರ್ಸ್ ರಿಪೇರಿ ಬುಕ್ಕಿನಾಗ ನಾಕು ಸಲ ಬರೆದಾತು.
ಸೊಲ್ಲಾಪುರದಿಂದ ಬರಬೇಕು ಅಂತಾರ.
ಪ್ಯಾಟಿಯ ಮಶಾಕಸಾಬ್ ಅಳತಿ ತೊಗೊಂಡು ಹೋದ,
ಅಳತಿ ಬರೆದ ಬೀಡಿ ಪಾಕೀಟು ಕಳಕೊಂಡು
ಮತ್ತೊಮ್ಮೆ ಬಂದ. ಎಕ್ಸ್‌ರೇ ಮುಂದ ನಿಂತು
ತನ್ನ ಕೈ ಎತ್ತಿ ಪಕ್ಕಕ್ಕ ಹಿಡಿದು ನೋಡಿದ.
ನಾಲ್ವತ್ತು ವರ್ಷದ ಕೊಯ್ತ ಆ ಅಂಗೈ ತುಂಬ.
"ಎಲುಬು ಕೂಡ್ತದವ್ವಾ. ಕಾಂಚ್ ಕೂಡಂಗಿಲ್ಲ.
ಅದಕ್ಕೇ ನನ್ನ ಹೊಟ್ಟಿ ನಡೀತದ."

ನಿನ್ನಿ ಪ್ಲಾಸ್ಟರ್ ಕೊಯ್ದರು.
ಕೈ ಸೊರಗಿತ್ತು, ಬಿಳಿಚಿತ್ತು, ಬ್ಯಾರೆಯವರದ್ದಂಗ.
ಮನಿಗೆ ಬಂದವಳೇ ಭಾಗ್ಯವಂತಿ
ಕಿಡಕಿಯಾಗಿನ ಅಂಗೈ ಮ್ಯಾಲ ಅಂಗೈ ಇಟ್ಟಳು.
"ದೊಡ್ಡದಾಗ್ಯದ ನೋಡವ್ವ," ಅಂದಳು.
ನನಗ ಹಂಗ ಕಾಣಲಿಲ್ಲ. ಹೂಂ ಅಂದೆ.

ಸೈರನ್ ಕೂಗಿತು.
ಚಹಾದ ನೀರು ಅಲ್ಲೇ ಬಿಟ್ಟು ಓಡಿ ಬಂದು
ಟೇಪಿನ ಅಂಚಂಚಿಗೆ ಒತ್ತಿ ಹಿಡಿದು ನಿಂತೆವು
ಮೂರು ಕೈಲೆ: ನನ್ನವೆರಡು, ಆಕಿದೊಂದು.
ಹೊಸದನ್ನ ಆಕಿ
ಬೆನ್ನ ಹಿಂದ ಮುಚ್ಚಿಟ್ಕೊಂಡಿದ್ದಳು.